ಸತ್ತವರ ಕಡೆ ತಿರುಗಿದ ಕಣ್ಣು

ಲಾರ್ಡ್ ಬೈರನ್ನನ ‘ಸನ್ಹೇರೀಬನ ನಾಶ’ ಆರು ಪದ್ಯಗಳ, 24 ಸಾಲುಗಳ ಪುಟ್ಟ ಕವಿತೆ. ಇಂಗ್ಲಿಷ್ ಪಠ್ಯಗಳಲ್ಲಿ ಅದು ಎಷ್ಟು ಕಾಲದಿಂದ ಬೇರೂರಿದೆಯೆಂದರೆ, ಅದನ್ನು ನಿಧಾನವಾಗಿ ಓದಿದವರಿಗಿಂತ ಬಾಯಿಪಾಠ ಮಾಡಿ ಒಪ್ಪಿಸಿದವರೇ ಹೆಚ್ಚಿರಬೇಕು. ಗಟ್ಟಿಯಾಗಿ ಹೇಳಿದರೆ ಕುದುರೆಯ ದೌಡು ಕೇಳಿಸುತ್ತದೆ. ದೊಡ್ಡ ಸೈನ್ಯವೊಂದು ಒಂದೇ ರಾತ್ರಿಯಲ್ಲಿ ಅಳಿಯುತ್ತದೆ, ದೇವರು ಗೆಲ್ಲುತ್ತಾನೆ. ಹಾಗಾಗಿ ಕೆಲವರು ಅದನ್ನು ವೀರಗೀತೆ ಎಂದರು, ಕೆಲವರು ದೇವರ ಮಹಿಮೆಯ ಗೀತೆ ಎಂದರು. ಎರಡೂ ಓದುಗಳು ಕವಿತೆಯ ಮೊದಲರ್ಧಕ್ಕೆ ಹೊಂದುತ್ತವೆ, ಉಳಿದರ್ಧಕ್ಕೆ ಬಂದಾಗ ಸೋಲುತ್ತವೆ. ಗೆಲುವನ್ನು ದೇವರ ಕೈಗೆ ಒಪ್ಪಿಸಿದ ಮೇಲೆ ಬೈರನ್ ಗೆದ್ದವರ ಕಡೆ ಒಮ್ಮೆಯೂ ತಿರುಗಿ ನೋಡುವುದಿಲ್ಲ. ಅವನ ಕಣ್ಣು ಹೋಗಿ ನಿಲ್ಲುವುದು ಸತ್ತ ಶತ್ರುವಿನ ಮೇಲೆ. ಯುದ್ಧವನ್ನೂ ದೇವರನ್ನೂ ಒಟ್ಟಿಗೆ ತರುವ ಕಾವ್ಯ ಎಷ್ಟು ಪ್ರಾಮಾಣಿಕವಾಗಿದೆ ಎಂದು ತಿಳಿಯಬೇಕಾದರೆ, ಗೆಲುವಿನ ಮರುದಿನ ಬೆಳಿಗ್ಗೆ ಅದು ಯಾರನ್ನು ನೋಡುತ್ತಿದೆ ಎಂದು ಕೇಳಬೇಕು. ಈ ಕವಿತೆಯನ್ನು ಆ ಪ್ರಶ್ನೆ ಇಟ್ಟುಕೊಂಡೇ ಓದಬೇಕೆಂಬುದು ನನ್ನ ವಾದ.

ಕಥೆ ಬೈಬಲಿನದು. ಕ್ರಿ.ಪೂ. 705ರಲ್ಲಿ ಅಶ್ಶೂರದ ಚಕ್ರವರ್ತಿ ಎರಡನೆಯ ಸರ್ಗೋನ್ ಸತ್ತ. ಇದೇ ಸಮಯವೆಂದು ಅಧೀನ ರಾಜ್ಯಗಳು ಒಂದೊಂದಾಗಿ ಕಪ್ಪ ಕೊಡುವುದನ್ನು ನಿಲ್ಲಿಸಿದವು. ಹಾಗೆ ನಿಲ್ಲಿಸಿದವರಲ್ಲಿ ಯೆಹೂದದ ಅರಸ ಹಿಜ್ಕೀಯನೂ ಒಬ್ಬ. 701ರಲ್ಲಿ ಸರ್ಗೋನನ ಮಗ ಸನ್ಹೇರೀಬ ಅವನ ಮೇಲೆ ದಂಡೆತ್ತಿ ಬಂದ. ಬೈಬಲಿನ ‘ಅರಸುಗಳು’ ಎರಡನೆಯ ಪುಸ್ತಕ ಈ ಪ್ರಸಂಗಕ್ಕೆ ಎರಡು ಅಧ್ಯಾಯಗಳನ್ನು ಮೀಸಲಿಡುತ್ತದೆ. ಅಶ್ಶೂರದ ಅಧಿಕಾರಿ ಯೆರೂಸಲೇಮಿನ ಕೋಟೆಯ ಮುಂದೆ ನಿಂತು, ಗೋಡೆಯ ಮೇಲಿದ್ದ ಸಾಮಾನ್ಯ ಜನರಿಗೂ ಅರ್ಥವಾಗಲೆಂದು, ಅವರ ಭಾಷೆಯಲ್ಲೇ ಬೆದರಿಕೆ ಹಾಕುತ್ತಾನೆ. ಹಿಜ್ಕೀಯ ಬಟ್ಟೆ ಹರಿದುಕೊಂಡು ದೇವಾಲಯಕ್ಕೆ ಹೋಗುತ್ತಾನೆ, ಪ್ರಾರ್ಥಿಸುತ್ತಾನೆ. ಪ್ರವಾದಿ ಯೆಶಾಯ ಅಭಯ ಕೊಡುತ್ತಾನೆ. ಆ ರಾತ್ರಿ ದೇವದೂತನೊಬ್ಬ ಅಶ್ಶೂರದ ಪಾಳೆಯದೊಳಗೆ ಬಂದು 1,85,000 ಜನರನ್ನು ಕೊಲ್ಲುತ್ತಾನೆ. ಇಷ್ಟೆಲ್ಲದರಲ್ಲಿ ಆ ಸಾವಿಗೆ ಸಿಕ್ಕಿರುವುದು ಒಂದೇ ಒಂದು ವಚನ. ಬೈಬಲಿಗೆ ಮುಖ್ಯವಾಗಿರುವುದು ಮಾತು: ಬೆದರಿಕೆಯ ಮಾತು, ಪ್ರಾರ್ಥನೆಯ ಮಾತು, ದೇವರು ಕೊಟ್ಟ ಮಾತು.

ಬೈರನ್ ಈ ಅಳತೆಯನ್ನು ತಲೆಕೆಳಗು ಮಾಡುತ್ತಾನೆ. ಎರಡು ಅಧ್ಯಾಯಗಳ ಮಾತುಕತೆಯಲ್ಲಿ ಒಂದಕ್ಷರವೂ ಕವಿತೆಯಲ್ಲಿಲ್ಲ. ಹಿಜ್ಕೀಯ ಇಲ್ಲ, ಯೆಶಾಯ ಇಲ್ಲ, ಪ್ರಾರ್ಥನೆ ಇಲ್ಲ. ಯೆರೂಸಲೇಮಿನ ಹೆಸರೂ ಇಲ್ಲ. ಸತ್ತವರ ಸಂಖ್ಯೆ ಇಲ್ಲ. ಸನ್ಹೇರೀಬನ ಹೆಸರು ಕೂಡ ಶೀರ್ಷಿಕೆಯಲ್ಲಿ ಬಂದು ಅಲ್ಲಿಗೇ ಮುಗಿಯುತ್ತದೆ. ಬೈಬಲು ಒಂದು ವಚನದಲ್ಲಿ ದಾಟಿಹೋದ ಆ ಸಾವನ್ನು ಮಾತ್ರ ಎತ್ತಿಕೊಂಡು, ಅದಕ್ಕೆ ಕವಿತೆಯ ಮುಕ್ಕಾಲು ಭಾಗ ಕೊಡುತ್ತಾನೆ. ಯಾರ ನಂಬಿಕೆ ಗೆದ್ದಿತು, ಯಾಕೆ ಗೆದ್ದಿತು ಎಂದು ಕವಿತೆಯಿಂದ ತಿಳಿಯಲು ಹೊರಟವನಿಗೆ ಏನೂ ಸಿಗುವುದಿಲ್ಲ. ಒಂದು ಸೈನ್ಯ ಬಂತು, ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿತ್ತು. ಉಳಿದಿದ್ದೆಲ್ಲ ಆ ನೋಟ.

ಬರೆದದ್ದು 1815ರ ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೀಹ್ಯಾಮ್ ಎಂಬಲ್ಲಿ, ಮಾವನ ಮನೆಯಲ್ಲಿ. ಮದುವೆಯಾಗಿ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಐಸಾಕ್ ನೇಥನ್ ಎಂಬ ಯೆಹೂದಿ ಸಂಗೀತಗಾರ ತನ್ನವರ ಹಳೆಯ ಧಾಟಿಗಳಿಗೆ ಸಾಹಿತ್ಯ ಬೇಕೆಂದು ಕೇಳಿದ್ದ. ಬೈರನ್ ಬರೆದುಕೊಟ್ಟ ಗೀತೆಗಳು ‘ಹೀಬ್ರೂ ಮೆಲೊಡೀಸ್’ ಎಂಬ ಹೆಸರಿನಲ್ಲಿ ಅದೇ ಏಪ್ರಿಲ್‌ನಲ್ಲಿ ಹೊರಬಂದವು. ಇಂಗ್ಲೆಂಡಿನಲ್ಲಿ ಯೆಹೂದಿಯೊಬ್ಬ ಪಾರ್ಲಿಮೆಂಟಿನಲ್ಲಿ ಕೂರಲು ಇನ್ನೂ 40 ವರ್ಷಕ್ಕಿಂತ ಹೆಚ್ಚು ಕಾಯಬೇಕಾಗಿದ್ದ ಕಾಲ ಅದು. ಬೈರನ್ ಭಕ್ತನೇನೂ ಆಗಿರಲಿಲ್ಲ. ಆದರೆ ನೆಲ ಕಳೆದುಕೊಂಡ ಜನರ ಮೇಲೆ ಅವನಿಗಿದ್ದ ಅಕ್ಕರೆ ನಿಜವಾದದ್ದು. ಆ ಸಂಕಲನದ ಹಲವು ಗೀತೆಗಳು ಸೋತ, ಚದುರಿಹೋದ ಇಸ್ರೇಲಿನ ದುಃಖವನ್ನು ಹಾಡುತ್ತವೆ. ಇಸ್ರೇಲು ಗೆದ್ದ ಪ್ರಸಂಗವನ್ನು ಕೈಗೆತ್ತಿಕೊಂಡಾಗಲೂ ಅವನ ಕಿವಿ ಸೋತವರ ಕಡೆಗೇ ಇತ್ತು. ಈ ಸಲ ಮಾತ್ರ ಆ ಸೋತವರು ಅಶ್ಶೂರದವರು.

ಕವಿತೆಯ ಓಟದ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ತೋಟಕಾಷ್ಟಕ ಕೇಳಿ ಬೆಳೆದ ಕಿವಿಗೆ ಈ ನಡೆ ಹೊಸದಲ್ಲ. ಸಾಲಿಗೆ ನಾಲ್ಕು ಗಣ, ಒಂದೊಂದು ಗಣಕ್ಕೂ ಎರಡು ಹಗುರ, ಒಂದು ಭಾರ. ನಮ್ಮ ಛಂದಸ್ಸಿನಲ್ಲಿ ಸಗಣ ನಾಲ್ಕು ಸಲ ಬಂದರೆ ತೋಟಕ ವೃತ್ತ. ಇಂಗ್ಲಿಷಿನದು ಒತ್ತಿನ ಲೆಕ್ಕ, ನಮ್ಮದು ಲಘು ಗುರುಗಳ ಲೆಕ್ಕ ಎಂಬ ವ್ಯತ್ಯಾಸ ಬಿಟ್ಟರೆ ಎರಡರ ನೆಗೆತವೂ ಒಂದೇ. ಶಂಕರರ ಶಿಷ್ಯನ ಬಾಯಲ್ಲಿ ಅದು ಗುರುವಿನ ಪಾದದ ಕಡೆ ಧಾವಿಸುವ ನಡೆ. ಬೈರನ್ನನಲ್ಲಿ ಅದು ದಂಡಿನ ನಡೆ. ಮೊದಲ ಪದ್ಯದಲ್ಲಿ ತೋಳ ಕುರಿದೊಡ್ಡಿಯ ಮೇಲೆ ಬಿದ್ದ ಹಾಗೆ ಸೈನ್ಯ ಬರುತ್ತದೆ. ನೇರಳೆ, ಬಂಗಾರದ ಬಣ್ಣಗಳು ಮಿನುಗುತ್ತವೆ. ಭರ್ಜಿಗಳು ಗಲಿಲಾಯದ ನೀರಿನ ಮೇಲಿನ ನಕ್ಷತ್ರಗಳಂತೆ ಕಾಣುತ್ತವೆ. ಇಲ್ಲಿ ಓಟಕ್ಕೂ ಅರ್ಥಕ್ಕೂ ಹೊಂದಾಣಿಕೆ ಇದೆ. ಆದರೆ ನಾಲ್ಕನೆಯ ಪದ್ಯದಲ್ಲಿ ಕುದುರೆ ಸತ್ತುಬಿದ್ದಿದೆ, ಓಟ ನಿಂತಿಲ್ಲ. ಅದೇ ಲಯ, ಅದೇ ನೆಗೆತ, ಉಸಿರಿಲ್ಲದ ಪ್ರಾಣಿಯ ಮೇಲೆ ಹಾದುಹೋಗುತ್ತಲೇ ಇದೆ. ಓಡುತ್ತಿರುವುದು ಪದ್ಯ ಮಾತ್ರ, ಓಡಬೇಕಾದದ್ದು ನೆಲದ ಮೇಲಿದೆ. ಬಾಯಿಪಾಠ ಒಪ್ಪಿಸುವವರು ಗಮನಿಸದೆ ದಾಟುವ ಜಾಗ ಇದು. ನನಗೆ ಇದು ಕವಿತೆಯ ಅತಿ ದೊಡ್ಡ ಕುಶಲತೆ ಎನಿಸುತ್ತದೆ: ವೀರರಸದ ಹುರುಪನ್ನು ಹುಟ್ಟಿಸಿ, ಆ ಹುರುಪು ಇಳಿಯುವ ಮೊದಲೇ ಅದರ ಎದುರಿಗೆ ಹೆಣವನ್ನು ತಂದಿಡುವುದು.

ನಡುವಿನ ಎರಡು ಪದ್ಯಗಳಲ್ಲಿ ಆಗುವುದು ಬೇಗ ಆಗಿಬಿಡುತ್ತದೆ. ಸಂಜೆ ಬೇಸಗೆಯ ಕಾಡಿನ ಹಸಿರೆಲೆಯಂತಿದ್ದ ಸೈನ್ಯ, ಬೆಳಿಗ್ಗೆ ಗಾಳಿಗೆ ಉದುರಿದ ಶರತ್ಕಾಲದ ಎಲೆಯಂತಾಗಿದೆ. ಋತುವೊಂದು ತಿಂಗಳುಗಟ್ಟಲೆ ಮಾಡುವ ಕೆಲಸ ಒಂದು ರಾತ್ರಿಯಲ್ಲಿ ಮುಗಿದಿದೆ. ಸಾವಿನ ದೂತ ರೆಕ್ಕೆ ಬಿಚ್ಚುತ್ತಾನೆ, ಹಾದುಹೋಗುತ್ತ ಶತ್ರುವಿನ ಮುಖದ ಮೇಲೆ ಉಸಿರು ಬಿಡುತ್ತಾನೆ. ಅಷ್ಟೇ. ಕತ್ತಿ ಇಲ್ಲ, ಸಿಡಿಲಿಲ್ಲ, ಕೂಗಿಲ್ಲ. ಮಲಗಿದವರ ಎದೆ ಒಮ್ಮೆ ಎದ್ದು ನಿಲ್ಲುತ್ತದೆ. ಯುದ್ಧದ ಕವಿತೆಯೆಂದು ಹೆಸರಾದದ್ದರಲ್ಲಿ ಒಂದು ಹೊಡೆತವೂ ಇಲ್ಲ. ಕೊನೆಯ ಪದ್ಯಕ್ಕೆ ಬಂದಾಗ ದೇವರ ಆಯುಧ ಬರಿಯ ಒಂದು ನೋಟ, ಸೈನ್ಯದ ಬಲ ಆ ನೋಟಕ್ಕೆ ಕರಗುವ ಹಿಮ. ಉಸಿರು ಮತ್ತು ನೋಟ, ಇವೆರಡೇ ದೈವಶಕ್ತಿಯ ಸಾಧನಗಳು. ಯಾವ ಮನುಷ್ಯನ ಕೈಗೂ ಇದರಲ್ಲಿ ಪಾಲಿಲ್ಲ.

ಇನ್ನು ಆ ನಾಲ್ಕು ಮತ್ತು ಐದನೆಯ ಪದ್ಯಗಳು. ಕವಿತೆ ಇರುವುದೇ ಇಲ್ಲಿ ಎಂದರೂ ತಪ್ಪಲ್ಲ. ಮೊದಲು ಕಾಣುವುದು ಕುದುರೆ. ಮೂಗಿನ ಹೊಳ್ಳೆ ಅಗಲವಾಗಿ ತೆರೆದಿದೆ, ಆದರೆ ಅದರಲ್ಲಿ ಆ ಜಂಬದ ಉಸಿರು ಆಡುತ್ತಿಲ್ಲ. ಕೊನೆಯ ಏದುಸಿರಿನ ನೊರೆ ಹುಲ್ಲಿನ ಮೇಲೆ ಬೆಳ್ಳಗೆ ಬಿದ್ದಿದೆ, ಬಂಡೆಗೆ ಬಡಿದ ಅಲೆಯ ಹನಿಯಷ್ಟು ತಣ್ಣಗೆ. ಮುಂದೆ ಸವಾರ. ಮುಖ ಸೊಟ್ಟಗಾಗಿ ಬಿಳಿಚಿದೆ. ಹಣೆಯ ಮೇಲೆ ಇಬ್ಬನಿ, ಕವಚದ ಮೇಲೆ ತುಕ್ಕು. ತುಕ್ಕು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ ಎಂದು ತಕರಾರು ತೆಗೆಯಬಹುದು. ಆದರೆ ಸತ್ತವನ ಲೋಹಕ್ಕೆ ಕಾಲ ಬೇರೆಯೇ ವೇಗದಲ್ಲಿ ಹರಿಯುತ್ತದೆ ಎಂದು ಆ ತುಕ್ಕು ಹೇಳುತ್ತಿದೆ: ಇನ್ನು ಆ ಕವಚವನ್ನು ಒರೆಸುವವರು ಯಾರೂ ಇಲ್ಲ. ಇಬ್ಬನಿ ಬಿದ್ದಿದೆ ಎಂದರೆ ಬೆಳಗಾಗಿದೆ. ಬದುಕಿದ್ದವರ ಹಣೆಯ ಮೇಲೆ ಇಬ್ಬನಿ ಹಾಗೆ ನಿಲ್ಲುವುದಿಲ್ಲ. ಡೇರೆಗಳು ಸದ್ದಿಲ್ಲದೆ ನಿಂತಿವೆ, ಬಾವುಟಗಳು ಒಂಟಿಯಾಗಿವೆ, ಭರ್ಜಿ ಎತ್ತುವವರಿಲ್ಲ, ಕಹಳೆ ಊದುವವರಿಲ್ಲ. ಮೊದಲ ಪದ್ಯದಲ್ಲಿ ತೋಳವಾಗಿದ್ದ ಸೈನ್ಯ ಈಗ ಒಬ್ಬ ಸವಾರ, ಒಂದು ಕುದುರೆ. ಗುಂಪಾಗಿ ಬಂದಾಗ ಅದು ಮೃಗ. ಸತ್ತಮೇಲೆ ಪ್ರತಿಯೊಬ್ಬನಿಗೂ ಒಂದು ಮುಖ ಬಂದಿದೆ.

ಕನ್ನಡದ ಓದುಗರಿಗೆ ಇಲ್ಲಿ ರನ್ನ ನೆನಪಾಗದೆ ಇರುವುದಿಲ್ಲ. ‘ಸಾಹಸಭೀಮ ವಿಜಯ’ ಎಂದು ಹೆಸರಿಟ್ಟು, ಗೆದ್ದ ಭೀಮನೊಡನೆ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಸಮೀಕರಿಸಿ ಬರೆದ ಕವಿ, ಕಾವ್ಯದ ಜೀವವನ್ನೆಲ್ಲ ದುರ್ಯೋಧನನ ಕಾಲಿಗೆ ಕಟ್ಟಿದ. ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ದುರ್ಯೋಧನ ದ್ರೋಣನ ಮುಂದೆ, ದುಶ್ಶಾಸನನ ಮುಂದೆ, ಮಗ ಲಕ್ಷ್ಮಣನ ಮುಂದೆ, ಕರ್ಣನ ಮುಂದೆ ನಿಲ್ಲುತ್ತಾನೆ. ಹೆಸರಿನಲ್ಲಿ ಗೆದ್ದವನು, ಒಡಲಲ್ಲಿ ಸೋತವನು. ಇಂಗ್ಲಿಷ್ ರೊಮ್ಯಾಂಟಿಕ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀಕಂಠಯ್ಯನವರೇ ರನ್ನನಿಂದ ‘ಗದಾಯುದ್ಧ ನಾಟಕಂ’ ಕಟ್ಟಿ ದುರ್ಯೋಧನನನ್ನು ದುರಂತನಾಯಕನಾಗಿ ನಿಲ್ಲಿಸಿದ್ದು ಆಕಸ್ಮಿಕವಲ್ಲ ಎಂದು ನಾನು ನಂಬಿದ್ದೇನೆ. ಆ ಪಶ್ಚಿಮದ ಕವಿಗಳನ್ನು ಒಳಗೆ ತೆಗೆದುಕೊಂಡ ಕಣ್ಣು, ರನ್ನನಲ್ಲಿ ಮೊದಲಿನಿಂದಲೂ ಇದ್ದ ದುಃಖವನ್ನು ಸುಲಭವಾಗಿ ಗುರುತು ಹಿಡಿಯಿತು. ಬೈರನ್ನನಿಗೂ ರನ್ನನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ರನ್ನನಲ್ಲಿ ಸತ್ತವರ ನಡುವೆ ನಡೆಯುವುದಕ್ಕೆ ಒಬ್ಬ ದುರ್ಯೋಧನ ಉಳಿದಿದ್ದಾನೆ. ಬೈರನ್ನನಲ್ಲಿ ಆ ಕಡೆಯವನೊಬ್ಬನೂ ಕಾಣುವುದಿಲ್ಲ. ನೋಡುವ ಕೆಲಸವನ್ನು ಕವಿತೆಯೇ ಮಾಡಬೇಕು, ಅದರ ಹಿಂದೆ ನಾವು.

ಕೊನೆಯ ಪದ್ಯ ಅಶ್ಶೂರಕ್ಕೆ ಹೋಗುತ್ತದೆ. ವಿಧವೆಯರ ಗೋಳು, ಬಾಳನ ಗುಡಿಯಲ್ಲಿ ಮುರಿದ ವಿಗ್ರಹಗಳು. ಬಾಳ್ ಕಾನಾನಿನ ದೇವರು, ಅಶ್ಶೂರದ ಪ್ರಧಾನ ದೇವರ ಹೆಸರು ಅಶ್ಶೂರ್. 1815ರಲ್ಲಿ ಬೈರನ್ನನ ಮುಂದೆ ಇದ್ದದ್ದು ಮುಖ್ಯವಾಗಿ ಬೈಬಲು. ಅಶ್ಶೂರದ ರಾಜಧಾನಿ ನಿನೆವೆಯ ಅರಮನೆಗಳು ಇನ್ನೂ ಮಣ್ಣಿನಡಿ ಮಲಗಿದ್ದವು. ಆ ತಪ್ಪು ದೊಡ್ಡದಲ್ಲ. ದೊಡ್ಡದಾದದ್ದು ಗೆಲುವಿನ ಗೀತೆಯೊಂದು ಮುಗಿಯುವ ಹೊತ್ತಿಗೆ ಶತ್ರುವಿನ ಊರಿನ ಹೆಂಗಸರ ಅಳುವಿಗೆ ಕಿವಿಗೊಟ್ಟದ್ದು. ಯೆರೂಸಲೇಮಿನ ಬೀದಿಯಲ್ಲಿ ಆ ಬೆಳಿಗ್ಗೆ ಯಾರು ಕುಣಿದರು, ಯಾರು ಕೀರ್ತನೆ ಹಾಡಿದರು ಎಂಬುದು ನಮಗೆ ಕೇಳಿಸುವುದೇ ಇಲ್ಲ. ಇನ್ನೊಂದು ಮಾತು. ಕರಗಿಹೋದ ಬಲವನ್ನು ಬೈರನ್ ಕೊನೆಯಲ್ಲಿ ಅಶ್ಶೂರದ್ದೆಂದು ಕರೆಯುವುದಿಲ್ಲ. ಯೆಹೂದಿಗಳಲ್ಲದ ಅನ್ಯಜನರ ಬಲವೆನ್ನುತ್ತಾನೆ. ಆ ಗುಂಪಿನಲ್ಲಿ ಬೈರನ್ನನೂ ಇದ್ದಾನೆ, ಅವನ ಇಂಗ್ಲಿಷ್ ಓದುಗರೆಲ್ಲರೂ ಇದ್ದಾರೆ. ನಾವೇ ದೇವರು ಆರಿಸಿದ ಜನ ಎಂದುಕೊಂಡು ಕವಿತೆಯೊಳಗೆ ಹೊಕ್ಕ ಲಂಡನ್ನಿನ ಓದುಗ, ಹೊರಬರುವಾಗ ಸತ್ತವರ ಸಾಲಿನಲ್ಲಿ ನಿಂತಿರುತ್ತಾನೆ.

ನಾವೇ ದೇವರು ಆರಿಸಿದ ಜನ ಎಂಬ ಭಾವನೆ ಆ ಓದುಗನಿಗೆ ಇದ್ದೇ ಇತ್ತು. ಕವಿತೆ ಬರೆದ ಅದೇ ತಿಂಗಳ 26ರಂದು ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ. ಜೂನ್ 18ರಂದು ವಾಟರ್ಲೂ. ಇಂಗ್ಲೆಂಡಿನ ಚರ್ಚುಗಳ ಪೀಠಗಳಿಂದ, ಪತ್ರಿಕೆಗಳಿಂದ ಒಂದೇ ಮಾತು ಕೇಳಿಸಿತು: ಇದು ದೇವರ ಕೈ. 1816ರ ಜನವರಿ 18ನ್ನು ದೇಶವೇ ದೇವರಿಗೆ ಕೃತಜ್ಞತೆ ಹೇಳುವ ದಿನವೆಂದು ಸರ್ಕಾರ ಗೊತ್ತುಮಾಡಿತು. ಆ ದಿನಕ್ಕೆಂದೇ ವರ್ಡ್ಸ್‌ವರ್ತ್ ಒಂದು ದೀರ್ಘ ಕೃತಜ್ಞತಾ ಗೀತೆ ಬರೆದ. ದೇವರು ತನ್ನ ಸಂಕಲ್ಪವನ್ನು ನಡೆಸಿಕೊಳ್ಳಲು ಬಳಸುವ ಅತಿ ಭಯಂಕರ ಸಾಧನವೆಂದರೆ ಮನುಷ್ಯರು ಪರಸ್ಪರ ಕೊಲ್ಲಲು ಸಾಲುಗಟ್ಟಿ ನಿಲ್ಲುವುದು ಎಂಬ ಅರ್ಥದ ಮಾತು ಅದರಲ್ಲಿತ್ತು. ಅಷ್ಟಕ್ಕೇ ನಿಲ್ಲದೆ ರಣದ ಕಗ್ಗೊಲೆಗೆ ದೇವರ ಮಗಳ ಪಟ್ಟ ಕಟ್ಟಿದ.

ಈ ವರ್ಡ್ಸ್‌ವರ್ತ್ ಯುದ್ಧದ ನೋವು ತಿಳಿಯದವನಲ್ಲ. 1798ರ ‘ಲಿರಿಕಲ್ ಬ್ಯಾಲಡ್ಸ್’ನಲ್ಲಿ, ಗಂಡನನ್ನೂ ಮಕ್ಕಳನ್ನೂ ಯುದ್ಧಕ್ಕೆ ತೆತ್ತು ದಿಕ್ಕಿಲ್ಲದೆ ಅಲೆಯುವ ಹೆಂಗಸಿನ ಕಥೆಯನ್ನು ಅವಳ ಬಾಯಲ್ಲೇ ಹೇಳಿಸಿದವನು. ಅಂಥವನ ಲೇಖನಿ ಹದಿನೆಂಟು ವರ್ಷದ ಮೇಲೆ ಈ ಜಾಗಕ್ಕೆ ಬಂದು ನಿಂತದ್ದು ನನ್ನನ್ನು ಇವತ್ತಿಗೂ ಕಾಡುತ್ತದೆ. ನೆಪೋಲಿಯನ್ನನ ಪತನ ಯುರೋಪಿಗೆ ಬಿಡುಗಡೆ ಎಂದು ಅವನು ನಿಜವಾಗಿ ನಂಬಿದ್ದ; ಅದನ್ನು ಅಲ್ಲಗಳೆಯಬೇಕಾಗಿಲ್ಲ. ಬಿಡುಗಡೆಯ ಸಂತೋಷದಿಂದ ಅವನು ಇಟ್ಟ ಮುಂದಿನ ಹೆಜ್ಜೆ ಮಾತ್ರ ಒಪ್ಪತಕ್ಕದ್ದಲ್ಲ. ವಾಟರ್ಲೂವಿನಲ್ಲಿ ಕೊಂದವರು ಮನುಷ್ಯರು, ಫಿರಂಗಿ ಹೊತ್ತಿಸಿದ್ದು ಮನುಷ್ಯರ ಕೈ, ಒಂದೇ ದಿನದಲ್ಲಿ ಹತ್ತಾರು ಸಾವಿರ ಜನ ಸತ್ತರು, ಗಾಯಗೊಂಡರು. ಆ ಕೈಗಳ ಮೇಲೆ ದೇವರ ಕೈಯ ಹೆಸರನ್ನು ಬರೆದ ತಕ್ಷಣ ಸತ್ತವರ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಕಗ್ಗೊಲೆ ದೇವರ ಮಗಳೆಂಬ ಆ ಮಾತನ್ನು ಷೆಲ್ಲಿಯೂ ಬೈರನ್ನನೂ ಕೆಣಕಿದರು. ವರ್ಡ್ಸ್‌ವರ್ತನೇ ಮುಂದೆ ತನ್ನ ಕವಿತೆಗಳನ್ನು ಪರಿಷ್ಕರಿಸುವಾಗ ಅದನ್ನು ತೆಗೆದುಹಾಕಿದ.

ಬೈರನ್ನನ ಕವಿತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಅದರ ನೈತಿಕ ಆಕಾರ ಸ್ಪಷ್ಟವಾಗುತ್ತದೆ. ದೇವರು ಕೊಂದ, ನಾವಲ್ಲ ಎನ್ನುವ ಕವಿತೆ ಒಂದು. ನಾವು ಕೊಂದೆವು, ಆದರೆ ಅದು ದೇವರ ಕೆಲಸ ಎನ್ನುವ ಕವಿತೆ ಇನ್ನೊಂದು. ಮೊದಲನೆಯದರಲ್ಲಿ ಯಾವ ರಾಜನೂ ಎದೆ ತಟ್ಟಿಕೊಳ್ಳಲಾರ, ಯಾವ ಸೇನಾಪತಿಗೂ ಪದಕ ಸಿಗದು, ಯಾವ ದೇಶವೂ ಅದನ್ನು ತನ್ನ ಪೌರುಷದ ದಾಖಲೆ ಮಾಡಿಕೊಳ್ಳಲಾರದು. ಎರಡನೆಯದು ಯಾವ ಪಡೆಗೂ, ಯಾವ ಶತಮಾನದಲ್ಲೂ ಹೊಂದುವ ಅಂಗಿ. ಯುದ್ಧಕಾವ್ಯಕ್ಕೆ ದೇವರನ್ನು ತರಲೇಬೇಕಾದರೆ ಮನುಷ್ಯನ ಕೈಯನ್ನು ಪೂರ್ತಿ ಹೊರಗಿಟ್ಟ ಬೈರನ್ನನ ದಾರಿ ಮೇಲು ಎಂದು ನನಗನ್ನಿಸುತ್ತದೆ.

ಹಾಗೆಂದು ಆ ದಾರಿಯಲ್ಲಿ ತೊಡಕಿಲ್ಲವೆ? ಇದೆ, ಅದೂ ಸಣ್ಣದಲ್ಲ. ದೂತ ಕೊಂದದ್ದು ಮಲಗಿದವರನ್ನು. ನಿದ್ದೆಯಲ್ಲಿದ್ದವರನ್ನು ಕೊಲ್ಲುವುದನ್ನು ನಮ್ಮ ಮಹಾಭಾರತ ಎಲ್ಲ ಅಧರ್ಮಗಳ ತುದಿಯಲ್ಲಿ ಇಡುತ್ತದೆ. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಐವರು ಮಕ್ಕಳನ್ನೂ ಧೃಷ್ಟದ್ಯುಮ್ನನನ್ನೂ ಕೊಲ್ಲುವ ಆ ರಾತ್ರಿ ಮತ್ತು ಬೈರನ್ನನ ಈ ರಾತ್ರಿ ಹೊರನೋಟಕ್ಕೆ ಅಣ್ಣತಮ್ಮಂದಿರಂತಿವೆ. ವ್ಯಾಸರು ಆ ರಾತ್ರಿಯಲ್ಲೂ ದೈವಶಕ್ತಿಯನ್ನು ತರುತ್ತಾರೆ: ಪಾಳೆಯದ ಬಾಗಿಲಲ್ಲಿ ಶಿವ ಅಶ್ವತ್ಥಾಮನಿಗೆ ಖಡ್ಗ ಕೊಟ್ಟು ಅವನ ಮೈಯೊಳಗೆ ಹೊಗುತ್ತಾನೆ. ಇಷ್ಟಾಗಿಯೂ ಕಥೆ ಅಶ್ವತ್ಥಾಮನನ್ನು ಬಿಡುವುದಿಲ್ಲ. ನೆತ್ತಿಯ ಮಣಿ ಕಳೆದುಕೊಂಡು, ಕೀವು ರಕ್ತ ನಾರುತ್ತ, ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯುವ ಶಾಪ ಅವನಿಗೇ ತಟ್ಟುತ್ತದೆ. ನನ್ನೊಳಗೆ ದೇವರಿದ್ದ ಎನ್ನುವುದು ಅಲ್ಲಿ ವಿನಾಯಿತಿಯಲ್ಲ. ಅಷ್ಟೇ ಅಲ್ಲ, ಸ್ತ್ರೀಪರ್ವದಲ್ಲಿ ಗಾಂಧಾರಿ ರಣಭೂಮಿಯಲ್ಲಿ ನಿಂತು ಕೃಷ್ಣನನ್ನೇ ಕೇಳುತ್ತಾಳೆ: ತಡೆಯಬಲ್ಲವನಾಗಿದ್ದೂ ಯಾಕೆ ತಡೆಯಲಿಲ್ಲ? ಶಾಪವನ್ನೂ ಕೊಡುತ್ತಾಳೆ, ಕೃಷ್ಣ ಅದನ್ನು ಒಪ್ಪಿಕೊಳ್ಳುತ್ತಾನೆ. ಬೈರನ್ನನ ಅಶ್ಶೂರದ ವಿಧವೆಯರಿಗೆ ಅಳುವಿದೆ, ಪ್ರಶ್ನೆ ಇಲ್ಲ. ಅವರ ದೇವರ ವಿಗ್ರಹ ಮುರಿದಿದೆ. ಗೆದ್ದ ದೇವರನ್ನು ಕೇಳುವ ಹಕ್ಕು ಅವರಿಗೆ ಸಿಕ್ಕಿಲ್ಲ. 24 ಸಾಲಿನ ಗೀತೆಯಿಂದ ಮಹಾಭಾರತವನ್ನು ನಿರೀಕ್ಷಿಸುವುದು ನ್ಯಾಯವಲ್ಲ ಎಂದು ಹೇಳಬಹುದು. ಆದರೂ ಕವಿತೆ ಆ ಹೆಂಗಸರವರೆಗೆ ಹೋಗಿ, ಅವರ ಬಾಯಿಗೆ ಮಾತು ಕೊಡದೆ, ಒಂದೇ ಹೆಜ್ಜೆಯಲ್ಲಿ ದೇವರ ನೋಟಕ್ಕೆ ಜಿಗಿದು ಮುಗಿಸಿಬಿಡುತ್ತದೆ. ಅಲ್ಲಿ ನನಗೆ ತೃಪ್ತಿಯಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಕವಿತೆಯ ಹೊರಗಿದೆ, ಅದಕ್ಕೆ ಹೆಸರು ಲಾಕೀಷ್. ಯೆರೂಸಲೇಮಿನಿಂದ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದ ಈ ಊರು ಯೆಹೂದದ ಎರಡನೆಯ ದೊಡ್ಡ ಕೋಟೆ. ಸನ್ಹೇರೀಬ ಯೆರೂಸಲೇಮಿಗೆ ಅಧಿಕಾರಿಗಳನ್ನು ಕಳಿಸಿದಾಗ ಅವನು ಸ್ವತಃ ಇದ್ದದ್ದು ಇಲ್ಲಿ. ಬೈರನ್ ಸತ್ತದ್ದು 1824ರಲ್ಲಿ. ಅದಾಗಿ ಆರು ವರ್ಷಕ್ಕೆ ನಿನೆವೆಯಲ್ಲಿ ಆರು ಮುಖದ ಮಣ್ಣಿನ ಸ್ತಂಭವೊಂದು ಸಿಕ್ಕಿತು. ಸನ್ಹೇರೀಬನೇ ಬರೆಸಿದ ದಂಡಯಾತ್ರೆಯ ವರದಿ ಅದರ ಮೇಲಿದೆ. ಹಿಜ್ಕೀಯನ 46 ಕೋಟೆಯೂರುಗಳನ್ನು ಹಿಡಿದೆ, 2,00,150 ಜನರನ್ನು ಹೊರಗೆ ತಂದೆ, ಅವನನ್ನು ಯೆರೂಸಲೇಮಿನೊಳಗೆ ಪಂಜರದ ಹಕ್ಕಿಯಾಗಿಸಿದೆ, ಕಪ್ಪ ವಸೂಲು ಮಾಡಿದೆ ಎಂದು ಅದರ ತಾತ್ಪರ್ಯ. ಯೆರೂಸಲೇಮನ್ನು ಹಿಡಿದೆ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಸೈನ್ಯ ಸತ್ತದ್ದನ್ನೂ ಹೇಳುವುದಿಲ್ಲ. ಕಪ್ಪದ ವಿಷಯವನ್ನು ಬೈಬಲೂ ಒಪ್ಪುತ್ತದೆ: ಹಿಜ್ಕೀಯ ದೇವಾಲಯದ ಬಾಗಿಲುಗಳಿಗೆ ಹೊದಿಸಿದ್ದ ಚಿನ್ನವನ್ನು ಕಿತ್ತು ಕಳಿಸಿದನೆಂದು ಆ ಪುಸ್ತಕದಲ್ಲೇ ಇದೆ. ಮುತ್ತಿಗೆ ಯಾಕೆ ಮುಗಿಯಿತು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಉತ್ತರವಿದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನಲ್ಲಿ ಕೇಳಿದ ಕಥೆಯಲ್ಲಿ ಸನ್ಹೇರೀಬನ ಸೈನ್ಯದ ಬಿಲ್ಲಿನ ಹೆದೆಗಳನ್ನು ರಾತ್ರಿ ಇಲಿಗಳು ಕಡಿದುಹಾಕುತ್ತವೆ. ಪಿಡುಗು ಬಿದ್ದಿರಬೇಕೆಂಬುದು ಹಲವರ ಊಹೆ. ಸನ್ಹೇರೀಬ ಆಮೇಲೆ 20 ವರ್ಷ ಆಳಿದ, 681ರಲ್ಲಿ ತನ್ನ ಮಕ್ಕಳ ಕೈಯಲ್ಲೇ ಸತ್ತ.

ಲಾಕೀಷಿನಲ್ಲಿ ಯಾವ ದೂತನೂ ಬರಲಿಲ್ಲ. 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯರ್ಡ್ ನಿನೆವೆಯ ಅರಮನೆಯನ್ನು ಅಗೆದಾಗ, ಒಂದು ಕೋಣೆಯ ಗೋಡೆಗಳ ತುಂಬ ಈ ಮುತ್ತಿಗೆಯ ಉಬ್ಬುಶಿಲ್ಪ ಸಿಕ್ಕಿತು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಳಿಜಾರು ದಿಬ್ಬದ ಮೇಲೆ ಕೋಟೆ ಒಡೆಯುವ ಬಂಡಿಗಳು ಏರುತ್ತಿವೆ. ಗೋಡೆಯ ಮೇಲಿನವರು ಉರಿಯುವ ಕೊಳ್ಳಿಗಳನ್ನು ಎಸೆಯುತ್ತಿದ್ದಾರೆ. ಬಂಡಿಗೆ ಬೆಂಕಿ ಹತ್ತದಿರಲೆಂದು ಅಶ್ಶೂರದ ಸೈನಿಕನೊಬ್ಬ ಉದ್ದ ಹಿಡಿಕೆಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಕೆಳಗೆ ಶೂಲಕ್ಕೇರಿಸಿದ ಮೂವರು. ಎತ್ತಿನ ಬಂಡಿಯ ಮೇಲೆ ಗಂಟುಮೂಟೆಯ ಜೊತೆ ಕೂತ ಹೆಂಗಸರು, ಮಕ್ಕಳು. ನೆಲಕ್ಕೆ ಚಾಚಿ ಚರ್ಮ ಸುಲಿಯುತ್ತಿರುವ ಇಬ್ಬರು. ಎಲ್ಲವನ್ನೂ ನೋಡುತ್ತ ಸಿಂಹಾಸನದ ಮೇಲೆ ಸನ್ಹೇರೀಬ. ಅವನ ಮುಖವನ್ನು ಮುಂದೆ ಯಾರೋ ಕೆತ್ತಿ ಹಾಕಿದ್ದಾರೆ. ಶಿಲ್ಪದಲ್ಲಿ ಕಾಣುವ ಆ ದಿಬ್ಬ ಲಾಕೀಷಿನ ನೆಲದಲ್ಲಿ ಈಗಲೂ ಇದೆ. ಉತ್ಖನನದಲ್ಲಿ ಅದರ ಸುತ್ತ ನೂರಾರು ಬಾಣದ ಮೊನೆಗಳೂ ಕವಣೆಕಲ್ಲುಗಳೂ ಸಿಕ್ಕವು.

ಲಾಕೀಷಿನವರೂ ಯೆಹೂದದ ಜನ, ಅದೇ ದೇವರನ್ನು ನಂಬಿದವರು. ಅವರೂ ಆ ದಿನಗಳಲ್ಲಿ ಪ್ರಾರ್ಥಿಸಿರಲೇಬೇಕು. ಬೈರನ್ನನ ತೋಳ ದೊಡ್ಡಿಯ ಮೇಲೆ ಬಿದ್ದಾಗ ಅದರ ಬಾಯಿಗೆ ಆಗಲೇ ರಕ್ತ ಅಂಟಿತ್ತು. 46 ದೊಡ್ಡಿಗಳನ್ನು ಮುಗಿಸಿ ಅದು ಬಂದಿತ್ತು. ಉಳಿದ ಊರಿನಲ್ಲಿ ದೇವರ ಮಹಿಮೆ ಕಾಣುವ ಕಾವ್ಯ, ಉಳಿಯದ ಊರಿನ ಬಗ್ಗೆ ಏನು ಹೇಳುತ್ತದೆ? ಪವಾಡದ ಕಥೆಗಳಿಗೆಲ್ಲ ಇರುವ ಕೊರತೆ ಇದು. ಕಾಪಾಡಲ್ಪಟ್ಟವರೇ ಕಥೆ ಹೇಳುತ್ತಾರೆ. ಬೈರನ್ನನಿಗೆ ಈ ಶಿಲ್ಪ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಉಳಿದ ಕೋಟೆಯೂರುಗಳೆಲ್ಲ ಬಿದ್ದವೆಂಬ ಮಾತು ಅವನು ಓದಿದ ಬೈಬಲಿನಲ್ಲೇ ಇತ್ತು. ಶತ್ರುವಿನ ಕುದುರೆಯ ಮೂಗಿನ ಹೊಳ್ಳೆಯವರೆಗೆ ಬಗ್ಗಿ ನೋಡಿದ ಕಣ್ಣು ಆ ಊರುಗಳ ಕಡೆ ಹೊರಳಲಿಲ್ಲ. ಇಂದು ಈ ಕವಿತೆಯನ್ನು ಕಲಿಸುವವರು ಲಾಕೀಷಿನ ಶಿಲ್ಪದ ಚಿತ್ರವನ್ನೂ ಜೊತೆಗಿಟ್ಟು ಕಲಿಸಬೇಕೆಂದು ನಾನು ಒತ್ತಾಯ ಮಾಡುತ್ತೇನೆ. ಅದರಿಂದ ಕವಿತೆ ಕುಗ್ಗುವುದಿಲ್ಲ. ಅದು ಯಾರಿಗೆ ಮರುಗಿತು, ಯಾರನ್ನು ಮರೆಯಿತು ಎಂಬ ಎರಡೂ ಕಾಣುತ್ತವೆ.

ಬೈರನ್ ಈ ಪ್ರಶ್ನೆಯನ್ನು 1815ಕ್ಕೇ ಬಿಟ್ಟುಹೋಗಲಿಲ್ಲ. ಮರುವರ್ಷ ಇಂಗ್ಲೆಂಡನ್ನು ಶಾಶ್ವತವಾಗಿ ತೊರೆದು, ಮೇ ತಿಂಗಳಲ್ಲಿ ವಾಟರ್ಲೂವಿನ ಹೊಲದಲ್ಲಿ ಓಡಾಡಿದ. 1823ರಲ್ಲಿ ಪ್ರಕಟವಾದ ‘ಡಾನ್ ಜುವಾನ್’ ಕಾವ್ಯದ ಏಳು, ಎಂಟನೆಯ ಸರ್ಗಗಳಲ್ಲಿ ಮತ್ತೊಂದು ಮುತ್ತಿಗೆಯನ್ನು ಕೈಗೆತ್ತಿಕೊಂಡ. 1790ರ ಡಿಸೆಂಬರಿನಲ್ಲಿ ರಷ್ಯದ ಸೇನಾಪತಿ ಸುವೊರೊವ್ ಡ್ಯಾನ್ಯೂಬ್ ನದಿಯ ದಂಡೆಯ ಇಸ್ಮಾಯಿಲ್ ಎಂಬ ತುರ್ಕಿ ಕೋಟೆಯನ್ನು ಹಿಡಿದದ್ದು ಅದರ ವಸ್ತು. ಇಲ್ಲಿ ಯಾವ ದೂತನೂ ಆಕಾಶದಿಂದ ಇಳಿಯುವುದಿಲ್ಲ. ಕೊಲ್ಲುವವರು ಮನುಷ್ಯರು, ಸಾಯುವವರೂ ಮನುಷ್ಯರು, ಬೀದಿಬೀದಿಯಲ್ಲಿ, ಕಂದಕದ ಕೆಸರಿನಲ್ಲಿ. ಮುತ್ತಿಗೆ ಮುಗಿದ ಮೇಲೆ ಸುವೊರೊವ್ ತನ್ನ ರಾಣಿಗೆ ಕಳಿಸುವ ಚಿಕ್ಕ ವರದಿಯಲ್ಲಿ ದೇವರ ಹೆಸರನ್ನೂ ರಾಣಿಯ ಹೆಸರನ್ನೂ ಒಂದೇ ಜಯಘೋಷದಲ್ಲಿ ಸೇರಿಸುತ್ತಾನೆ. ಬೈರನ್ನನ ಕೋಪ ಸಿಡಿಯುವುದು ಅಲ್ಲಿ. ಎಂಟನೆಯ ಸರ್ಗದಲ್ಲೇ ವರ್ಡ್ಸ್‌ವರ್ತನ ಹೆಸರು ಹಿಡಿದು, ಕಗ್ಗೊಲೆ ದೇವರ ಮಗಳೆಂಬ ಮಾತನ್ನು ಎಳೆದು ತಂದು ಅದೇ ರಕ್ತದ ಬೀದಿಯಲ್ಲಿ ನಿಲ್ಲಿಸುತ್ತಾನೆ. ಹೆಣಗಳ ರಾಶಿಯ ನಡುವೆ ಅಡಗಿದ್ದ ಹತ್ತು ವರ್ಷದ ತುರ್ಕಿ ಹುಡುಗಿ ಲೈಲಾಳನ್ನು ಕಾಸಕ್ ಸೈನಿಕರ ಕತ್ತಿಯಿಂದ ಕಾವ್ಯದ ನಾಯಕ ಬಿಡಿಸುತ್ತಾನೆ. ಆ ಇಡೀ ಮುತ್ತಿಗೆಯಲ್ಲಿ ಕವಿ ಮನಸಾರೆ ಮೆಚ್ಚುವ ಕೆಲಸ ಅದೊಂದೇ. 1815ರಲ್ಲಿ ದೂತನ ಉಸಿರಿಗೆ ಬಿಟ್ಟುಕೊಟ್ಟಿದ್ದ ಮನುಷ್ಯನ ಕೈಯನ್ನು ಅವನು ಇಲ್ಲಿ ವಾಪಸ್ಸು ತಂದಿದ್ದಾನೆ, ಅದರ ಅಪರಾಧದ ಜೊತೆಗೆ, ಒಂದು ಮಗುವನ್ನು ಎತ್ತಿಕೊಳ್ಳಬಲ್ಲ ಅದರ ಶಕ್ತಿಯ ಜೊತೆಗೆ. ಲಾಕೀಷಿನ ಜನರಿಗೆ ಸಿಗದ ಕವಿತೆ ಇಸ್ಮಾಯಿಲಿನ ಜನರಿಗೆ ಸಿಕ್ಕಿತು.